ನೆಲವೇ ಡೊಂಕು

ಹೆಣಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು, ಅವಳಿಗಿಂತ ಹಿರಿಯರೂ. ಸ್ವೆಟರಿನ ವಿನ್ಯಾಸವನ್ನು ಅಲ್ಲಿ ಪ್ರೋಗ್ರಾಮಿನ ರೂಪದಲ್ಲಿ ಬರೆಯುತ್ತಾರೆ. ಅದನ್ನು ಓದಿ, ತಪ್ಪಿದ್ದರೆ ತಿರಸ್ಕರಿಸಿ, ಸರಿಯಿದ್ದರೆ ಯಂತ್ರದ ಸೂಜಿಗಳಿಗೆ ತಿಳಿಯುವಂತೆ ಬದಲಿಸಿಕೊಡುವ ಕಂಪೈಲರ್ ದೊಡ್ಡಕ್ಕನ ಸೃಷ್ಟಿ. ಅದನ್ನು ಯಾರಾದರೂ ದೂರಿದರೆ ಹೆತ್ತ ಮಗುವನ್ನು ಬೈದಷ್ಟು ಸಿಟ್ಟು. ಒಳ್ಳೆಯವಳೇ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ.

ಅದೇ ಕಾರ್ಖಾನೆಗೆ ಅವಳ ತಮ್ಮನ ಹೆಂಡತಿ ವಿನ್ಯಾಸದ ಕೆಲಸಕ್ಕೆ ಬಂದಳು. ಮಕ್ಕಳು ದೊಡ್ಡವರಾಗಲಿ ಎಂದು ವರ್ಷಗಟ್ಟಲೆ ಮನೆ ಹಿಡಿದಿದ್ದವಳು. ಸ್ವಂತವಾಗಿ ಒಂದು ಸ್ವೆಟರ್ ಹೆಣೆಸಿ ತೋರಿಸಿದರೆ ಕೆಲಸ ಖಾಯಂ ಎಂದಿದ್ದರು. ಅವಳು ಕಂಪೈಲರಿನ ಕೈಪಿಡಿಯನ್ನು ಅರೆದು ಕುಡಿದಂತೆ ಓದಿ ಬರೆದಳು. ಕಂಪೈಲರ್ ಒಪ್ಪಲಿಲ್ಲ. ತಿದ್ದಿ, ಅಳಿಸಿ, ಮತ್ತೆ ಮೊದಲಿನಿಂದ ಬರೆದರೂ ಕೊರಳಪಟ್ಟಿಯ ಸಾಲಿಗೆ ಬಂದು 'ಇಲ್ಲಿ ತಪ್ಪಿದೆ' ಎಂದು ನಿಲ್ಲುತ್ತಿತ್ತು.

ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಕೂತಿದ್ದಾಗ ಅವಳು ಮೆಲ್ಲಗೆ ಕೇಳಿದಳು.

"ಅತ್ತಿಗೆ, ಕೈಪಿಡೀಲಿ ಇದ್ದ ಹಾಗೇ ಬರ್ದಿದೀನಿ. ಕಂಪೈಲರಲ್ಲೇ ಏನಾದ್ರೂ ಎಡವಟ್ಟು ಇರ್ಬಹುದಾ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ದೊಡ್ಡಕ್ಕ, ತಲೆ ಎತ್ತದೆ.

ಸುತ್ತ ಕೂತವರು ಗೊಳ್ಳೆಂದು ನಕ್ಕರು. ತಮ್ಮನ ಹೆಂಡತಿಯೂ ನಕ್ಕಂತೆ ಮಾಡಿ, ಉಣ್ಣದ ಡಬ್ಬಿಯನ್ನು ಮುಚ್ಚಿದಳು.

ಮರುದಿನ ಬೆಳಿಗ್ಗೆ ತಮ್ಮ ಫೋನ್ ಮಾಡಿದ. "ಅವಳು ಇನ್ಮೇಲೆ ಬರಲ್ವಂತೆ ಅಕ್ಕ. ನನ್ ತಲೆಗೆ ಇದೆಲ್ಲ ಹತ್ತಲ್ಲ, ತುಕ್ಕು ಹಿಡಿದುಹೋಗಿದೆ ಅಂತಾಳೆ."

ದೊಡ್ಡಕ್ಕನಿಗೆ ಕಸಿವಿಸಿಯಾಯಿತು. ತಪ್ಪನ್ನು ಹುಡುಕಿ ತಾನೇ ಹೇಳಿಕೊಡೋಣ ಎಂದು ಅವಳು ಬರೆದದ್ದನ್ನು ತೆರೆದಳು. ಎಷ್ಟು ಓದಿದರೂ ತಪ್ಪು ಸಿಗಲಿಲ್ಲ. ಪಟ್ಟಿ ಮೂರು ಸೂಜಿ ಎಡಕ್ಕೆ ಸರಿಯಲಿ ಎಂದು ಅಲ್ಪವಿರಾಮದ ನಂತರ ನೇರವಾಗಿ 'ಮೈನಸ್ ಮೂರು' ಎಂದು ಬರೆದಿದ್ದಳು. ಕಾರ್ಖಾನೆಯ ಉಳಿದವರೆಲ್ಲ ಅದನ್ನು 'ಸೊನ್ನೆ ಮೈನಸ್ ಮೂರು' ಎಂದು ಬರೆಯುತ್ತಿದ್ದರು. ಕೈಪಿಡಿಯಲ್ಲಿ ಅಂಥ ನಿಯಮವೇ ಇರಲಿಲ್ಲ.

ಪಕ್ಕದ ಮೇಜಿನ ಹಳೆಯ ವಿನ್ಯಾಸಗಾರನನ್ನು ಕೇಳಿದಳು. "ಈ ಸೊನ್ನೆ ಯಾಕ್ರೀ ಹಾಕ್ತೀರಿ?"

"ಯಂತ್ರ ಮೊದಲು ಸೊನ್ನೆಗೆ ಬರ್ಬೇಕಲ್ಲ, ಆಮೇಲೆ ಎಡಕ್ಕೆ. ಇಲ್ದಿದ್ರೆ ಸೂಜಿ ಮುರಿಯುತ್ತೆ."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನೀವು ಮೊದಲು ಕೊಟ್ಟ ಮಾದರೀಲೇ ಹಾಗಿದೆಯಲ್ಲ ದೊಡ್ಡಕ್ಕ."

ದೊಡ್ಡಕ್ಕನಿಗೆ ಆಗ ನೆನಪಾಯಿತು. ಕಾರ್ಖಾನೆ ಶುರುವಾಗುವ ಮುನ್ನಾದಿನ ಆ ಮಾದರಿಯನ್ನು ಬರೆಯುವಾಗ, ಅಲ್ಪವಿರಾಮದ ಬೆನ್ನಿಗೇ ಮೈನಸ್ ಬಂದರೆ ಕಂಪೈಲರ್ ಮುಗ್ಗರಿಸುತ್ತಿತ್ತು. ಆಗಿನ ಮಟ್ಟಿಗೆ ಒಂದು ಸೊನ್ನೆ ಹಾಕಿ, ಆಮೇಲೆ ಸರಿಮಾಡೋಣ ಎಂದುಕೊಂಡಿದ್ದಳು. ಆ 'ಆಮೇಲೆ' ಬರಲೇ ಇಲ್ಲ. ಒಬ್ಬರನ್ನು ನೋಡಿ ಒಬ್ಬರು ಸೊನ್ನೆ ಹಾಕಿದರು, ಅದಕ್ಕೊಂದು ಕಾರಣವನ್ನೂ ಹುಟ್ಟಿಸಿಕೊಂಡರು. ಸೊನ್ನೆ ಹಾಕದೆ ಕೈಪಿಡಿಯನ್ನು ನಂಬಿದವಳು ತಮ್ಮನ ಹೆಂಡತಿಯೊಬ್ಬಳೇ.

ಸಂಜೆ ತಮ್ಮನ ಮನೆಗೆ ಹೋದಳು. ತಮ್ಮನ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ದೊಡ್ಡಕ್ಕ ಎಲ್ಲ ಹೇಳಿದಳು.

"ಹಾಗಾದ್ರೆ ನಾನು ಬರ್ದಿದ್ದು ಸರೀನಾ?"

"ಮೊದಲ್ನೇ ಸಲಾನೇ ಸರಿ."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. "ಇದನ್ನ ಅಲ್ಲಿ ಹೇಳ್ತೀರಾ ಅತ್ತಿಗೆ? ಡಬ್ಬಿ ಬಿಚ್ಚೋ ಹೊತ್ತಿಗೆ?"

ದೊಡ್ಡಕ್ಕನ ಕಂಪೈಲರ್ ತಪ್ಪುವುದೇ ಇಲ್ಲ ಎಂದು ಎಲ್ಲರೂ ನಂಬಿದ್ದರು. ಇಷ್ಟು ವರ್ಷ ಹೊತ್ತು ಮೆರೆದ ಹೆಸರು ಅದು.

"ಹೇಳ್ತೀನಿ, ನೀನು ಬಂದ್ರೆ," ಎಂದಳು.

ಮರುದಿನ ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿದಾಗ ದೊಡ್ಡಕ್ಕ ಎದ್ದು ನಿಂತಳು. "ನೆಲವೇ ಡೊಂಕಾಗಿತ್ತು. ನೆಲ ಹಾಕಿದವಳು ನಾನು. ಇವಳು ಸರಿಯಾಗೇ ಕುಣಿದಿದ್ಲು," ಎಂದಳು. ಯಾರೂ ನಗಲಿಲ್ಲ. ತಿದ್ದಿದ ಕಂಪೈಲರ್ ಆ ಪ್ರೋಗ್ರಾಮನ್ನು ಒಂದಕ್ಷರ ಬದಲಿಸದೆ ಒಪ್ಪಿತು. ಹಳೆಯ ವಿನ್ಯಾಸಗಾರ ಸೂಜಿ ಮುರಿದೀತೆಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದ. ಕೊರಳಪಟ್ಟಿ ಮೂರು ಸೂಜಿ ಎಡಕ್ಕೆ ಸರಿದು, ಅಂದವಾಗಿ ಇಳಿದು ಬಂತು.

ಕೆಲಸ ಖಾಯಂ ಆಯಿತು. ರೂಢಿ ಮಾತ್ರ ಬೇಗ ಹೋಗಲಿಲ್ಲ. ಕೆಲವು ವಾರಗಳ ನಂತರ ಹೊಸ ಮಾದರಿಯೊಂದನ್ನು ಬರೆಯುತ್ತಿದ್ದ ದೊಡ್ಡಕ್ಕನ ಬೆರಳು ತಾನಾಗಿಯೇ ಸೊನ್ನೆ ಒತ್ತಿತು. ಪಕ್ಕದಲ್ಲಿ ಕೂತಿದ್ದ ತಮ್ಮನ ಹೆಂಡತಿ ಕೈ ಚಾಚಿ ಅದನ್ನು ಅಳಿಸಿದಳು.