ನಾನು ಕಿತ್ತ ಪೇರಲೆ ಸಸಿಗಳು

೧೯೮೯ರಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಮಾವಳ್ಳಿಯ ನರ್ಸರಿಯೊಂದರಲ್ಲಿ ಕಸಿ ಕಟ್ಟುವುದು ಕಲಿತು, ಆಮೇಲೆ ನನ್ನದೇ ನರ್ಸರಿ ಮಾಡಿದೆ. ಹೊನ್ನಾವರ, ಕುಮಟೆಯವರೆಗೂ ನಾನು ಕಟ್ಟಿದ ಮಾವು, ಚಿಕ್ಕು ಕಾಯಿ ಬಿಡುತ್ತಿವೆ. ನನ್ನಲ್ಲಿ ರೋಗಿಷ್ಟ ಸಸಿ ಕಂಡವರಿಲ್ಲ.

ಹೆಂಡತಿಗೆ ಗಂಟಲ ಕಾಯಿಲೆ ಬಂತು. ಮಂಗಳೂರಿನಲ್ಲಿ ಕಿರಣ ಚಿಕಿತ್ಸೆ ಕೊಡಿಸಿದ ಮೇಲೆ ಗಂಜಿ ಮಾತ್ರ ಇಳಿಯುತ್ತಿತ್ತು. ಪೇರಲೆ ಅಂದರೆ ಅವಳಿಗೆ ಜೀವ. ಬೀಜ ಗಂಟಲಲ್ಲೇ ನಿಲ್ಲುತ್ತಿತ್ತು.

“ಅಲ್ಲ ಮಾರಾಯ್ರೆ, ಊರಿಗೆಲ್ಲ ಕಸಿ ಕಟ್ಟಿದ್ರಿ. ನಂಗೊಂದು ಬೀಜ ಇಲ್ಲದ ಪೇರಲೆ ಮಾಡೂಕೆ ಆಗ್ಲಿಲ್ವಾ?”

ತಮಾಷೆಗೆ ಅಂದಿದ್ದು. ನಾನು ಬಿಡಲಿಲ್ಲ. ಹಣ್ಣಿನ ಗಿಡಗಳ ಮೇಲೆ ಪ್ರಯೋಗ ಮಾಡುತ್ತಿದ್ದ ಮೇಡಂ ಒಬ್ಬರು ಕುಮಟೆಯಲ್ಲಿದ್ದರು. ಅವರನ್ನು ಕೇಳಿದೆ. ಎಳೆ ಸಸಿಯ ಕುಡಿಗೆ ಒಂದು ಔಷಧಿ ಹನಿಸಿದರೆ ಒಳಗಿನ ವರ್ಣತಂತು ಇಮ್ಮಡಿಯಾಗುತ್ತದಂತೆ. ಅಂಥ ಗಿಡದ ಹೂವಿಗೆ ಮಾಮೂಲಿ ಗಿಡದ ಪರಾಗ ಕೂಡಿಸಿದರೆ ಬೀಜವಿಲ್ಲದ ಹಣ್ಣಿನ ತಳಿ ಸಿಗಬಹುದಂತೆ. ಔಷಧಿ ಕೊಟ್ಟು, “ಹೇಗೇ ಕಾಣಲಿ, ಒಂದನ್ನೂ ಕೀಳಬೇಡಿ” ಅಂದರು.

ನೂರು ಸಸಿಗೆ ಹತ್ತಿಯಲ್ಲಿ ಹನಿಸಿದೆ. ಹೆಂಡತಿ ದಿನಾ ಬೆಳಿಗ್ಗೆ ಮಲಗಿದಲ್ಲಿಂದಲೇ ಕೇಳುವಳು, “ಎಷ್ಟು ಎಲೆ ಬಂತು?”

ಮೇಡಂ ನೋಡಲು ಬರುವ ಹಿಂದಿನ ದಿನ ಸಸಿಗಳನ್ನು ಸಾಲಾಗಿ ಜೋಡಿಸಿದೆ. ಹತ್ತಾರು ಕುಳ್ಳಗೆ ಮುದುಡಿದ್ದವು, ಎಲೆ ದಪ್ಪ, ಒರಟು. ಇಂಥವು ನನ್ನ ನರ್ಸರಿಯಲ್ಲಿ ಕಂಡರೆ ಮರ್ಯಾದೆ ಎಂತ ಉಳಿದೀತು? ಕಿತ್ತು ಗೊಬ್ಬರಗುಂಡಿಯ ಪಕ್ಕ ಬಿಸಿಲಿಗೆ ಎಸೆದೆ.

ಮೇಡಂ ಸಾಲಿನುದ್ದಕ್ಕೂ ನಡೆದು, “ದಪ್ಪ ಎಲೆಯವು ಒಂದೂ ಬರಲಿಲ್ಲವಾ?” ಅಂದರು. ನಾನು ಗುಂಡಿ ತೋರಿಸಿದೆ. ಅವರು ಕೂತು ಒಂದೊಂದನ್ನೇ ಎತ್ತಿ ನೋಡಿದರು. ಎಲ್ಲ ಒಣಗಿದ್ದವು. “ಇವೇ ಇಮ್ಮಡಿ ಆಗಿದ್ದವೇನೋ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಹೇಳಿದೆ. “ಆತು ಬಿಡಿ” ಅಂದಳು.

ಆ ಸಸಿ ಉಳಿದಿದ್ದರೂ ಹಣ್ಣು ಕಾಣಲು ವರ್ಷಗಟ್ಟಲೆ ಬೇಕಿತ್ತು. ಅದು ಅವಳಿಗೂ ಗೊತ್ತಿತ್ತು. ಆದರೆ ಮರುದಿನದಿಂದ ಎಲೆಯ ಲೆಕ್ಕ ಕೇಳಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಹೋದಳು.

ಮರುವರ್ಷ ಮತ್ತೆ ಔಷಧಿ ತಂದು ಹನಿಸಿದೆ. ಈ ಸಲ ಏನನ್ನೂ ಕೀಳಲಿಲ್ಲ.

ಈಗ ನನ್ನಲ್ಲಿರುವುದು ಎರಡು ಕಸಿ ಚಾಕು, ಆರು ಗುಂಟೆ ನರ್ಸರಿ, ದಪ್ಪ ಎಲೆಯ ಪೇರಲೆ ಗಿಡ ಮೂರು.