ಒರೆಸಿದ ಗುಂಡುಗಳು

ನಮ್ಮ ಗ್ಯಾರೇಜಿನ ಮೇಜಿನ ಕೆಳಗಿನ ಡ್ರಾಯರ್ ಎಳೆದಾಗ ಆ ವಾಸನೆ ಬಂತು. ಹಳೆಯ ಮೇಣದ ವಾಸನೆ, ಸ್ವಲ್ಪ ಕಮಟು... ಐವತ್ತು ಗುಂಡುಗಳ ಪುಟ್ಟ ಡಬ್ಬಿ. ಮುಚ್ಚಳದ ಮೇಲೆ ಔಷಧದ ಚೀಟಿಯ ಅಕ್ಷರದಲ್ಲಿ ಡಾಕ್ಟರು ಬರೆದಿಟ್ಟಿದ್ದರು: ಮ್ಯಾಚಿಗೆ ಮಾತ್ರ.

ಅಮೆರಿಕದ ಹರ್ನ್‌ಡನ್ನಿನಲ್ಲಿ ನಮ್ಮ ಸಾಲಿನ ಕೊನೆಯ ಟೌನ್‌ಹೌಸ್ ಅವರದು. ರಿಟೈರಾದ ಮೂಳೆ ಡಾಕ್ಟರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಊರಿನ ಕನ್ನಡದವರೆಲ್ಲ ಅವರನ್ನು ಅಂಕಲ್ ಎನ್ನುತ್ತಿದ್ದರು. ನಾನು ಮಾತ್ರ ಡಾಕ್ಟ್ರೇ ಎನ್ನುತ್ತಿದ್ದೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಲೇತ್ ಹಿಡಿದವನು. ಹೆಂಡತಿಯ ನರ್ಸ್ ಕೆಲಸದ ದೆಸೆಯಿಂದ ಈ ದೇಶಕ್ಕೆ ಬಂದೆ, ಪಕ್ಕದೂರು ಶ್ಯಾಂಟಿಲಿಯ ಮಷಿನ್ ಶಾಪಿನಲ್ಲಿ ನನ್ನ ಕೈಚಳಕದಿಂದಲೇ ನೆಲೆ ನಿಂತೆ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಹೇಳಬಲ್ಲೆ. ಸುತ್ತ ಇರುವ ಸಾಫ್ಟ್‌ವೇರಿನವರ ನಡುವೆ ನನ್ನ ಡಿಗ್ರಿ ಎಂದರೆ ಅದೊಂದೇ.

ಡಾಕ್ಟರಿಗಿದ್ದದ್ದು ಒಂದೇ ಹುಚ್ಚು. ನೆಲದ ಮೇಲೆ ಬೋರಲು ಮಲಗಿ, ಐವತ್ತು ಗಜ ದೂರದ ಕಾಗದಕ್ಕೆ ರೈಫಲ್ಲಿನಿಂದ ಗುರಿ ಇಡುವುದು. ಕೋವಿಡ್ ಕಾಲದಲ್ಲಿ ಅಂಗಡಿಗಳಲ್ಲಿ ಗುಂಡೇ ಸಿಗದಂತಾಯಿತು. ಆಗ ಅವರು ಬೇಸ್‌ಮೆಂಟಿನಿಂದ ಇಪ್ಪತ್ತು ವರ್ಷ ಕಾಪಾಡಿಟ್ಟಿದ್ದ ಮೂರು ಡಬ್ಬಿ ಹೊರತೆಗೆದರು.

“ಇದು ಇನ್ನೂ ನಡೆಯುತ್ತಾ ಅಂತ ಟೆಸ್ಟ್ ಮಾಡ್ಬೇಕು ಕಣೋ. ಸ್ಪ್ರಿಂಗಲ್ಲಿ ಸೀನಿಯರ್ಸ್ ಮ್ಯಾಚ್ ಇದೆ. ಅದರಲ್ಲಿ ನಿಂತ್ರೆ ಮಗಳ ಬಾಯಿ ಮುಚ್ಚಿಸ್ಬಹುದು. ಷಾರ್ಲೆಟ್‌ಗೆ ನಮ್ಮನೆಗೆ ಬಾ, ನಿನಗೆ ವಯಸ್ಸಾಯ್ತು ಅಂತ ದಿನಾ ತಲೆ ತಿಂತಾಳೆ.”

ಎರಡು ಡಬ್ಬಿ ನನಗೆ ಕೊಟ್ಟು, ಒಂದೊಂದು ಗುಂಡಿನ ತಳದ ಅಂಚಿನ ದಪ್ಪ ಅಳೆದು ವಿಂಗಡಿಸು, ಒಂದೇ ದಪ್ಪದವು ಒಂದೇ ಕಡೆ ಬೀಳುತ್ತವೆ ಎಂದರು. ಮನೆಗೆ ತಂದು ನೋಡಿದರೆ ತುಂಬ ಜಿಡ್ಡು, ಕೈಗೆಲ್ಲ ಅಂಟು. ನಮ್ಮ ಕಸುಬಿನಲ್ಲಿ ಮೊದಲ ಪಾಠವೇ, ಜಿಡ್ಡಿರುವ ಮಾಲನ್ನು ಅಳೆಯಬಾರದು ಎನ್ನುವುದು. ನೂರು ಗುಂಡುಗಳನ್ನೂ ತುದಿಯಿಂದ ಬುಡದವರೆಗೆ ಬಟ್ಟೆಯಲ್ಲಿ ತಿಕ್ಕಿ ಒರೆಸಿದೆ. ಹುಣಸೆಹಣ್ಣು ಹಚ್ಚಿ ಬೆಳಗಿದ ದೇವರ ಪಾತ್ರೆಗಳ ಹಾಗೆ ಹೊಳೆದವು. ಹೇಳಿದ್ದಕ್ಕಿಂತ ಹೆಚ್ಚೇ ಕೆಲಸ ಮಾಡಿದೆನೆಂದು ಒಳಗೊಳಗೇ ಬೀಗಿದೆ.

ಶನಿವಾರ ಗುರಿ ಅಭ್ಯಾಸದ ರೇಂಜಿಗೆ ಹೋದೆವು. ಪಕ್ಕದ ಮೇಜಿನಲ್ಲಿ ಅವರ ಹಳೆಯ ಜೊತೆಗಾರ, ಬಿಳಿಗಡ್ಡದ ಅಮೆರಿಕನ್ ಮುದುಕ, ನಾನು ಯಾರೆಂದು ಕೇಳಿದ. ಡಾಕ್ಟರು ತಲೆಯೆತ್ತದೆ, “ಹಿ ಈಸ್ ಮೈ ಹ್ಯಾಂಡಿಮ್ಯಾನ್” ಎಂದರು, ಮನೆಯ ಚಿಲ್ಲರೆ ರಿಪೇರಿಯ ಆಳು ಎಂದು. ಐದು ವರ್ಷ ಅವರ ಮನೆಯ ಹಬ್ಬದೂಟ ಉಂಡವನು ನಾನು. ಅವರ ಹೆಂಡತಿಯ ಕೊನೆಯ ದಿನ ಹೆಗಲು ಕೊಟ್ಟವನು...

ಡಾಕ್ಟರು ಹೊಡೆದ ಮೊದಲ ಐದು ಗುಂಡು ಸರಿಯಾಗಿಯೇ ಬಿದ್ದವು. ಆಮೇಲಿನವು ಚದುರತೊಡಗಿದವು. ಒಂದು ನಾಣ್ಯದಡಿ ಮುಚ್ಚಿಹೋಗಬೇಕಿದ್ದ ತೂತುಗಳು ಅಂಗೈಯಗಲಕ್ಕೆ ಹರಡಿದವು. ಡಬ್ಬಿ ಖಾಲಿಯಾಗುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತ್ತು. ಕೊನೆಗೆ ಗಡ್ಡದವನಿಂದ ಐದು ಹೊಸ ಗುಂಡು ಇಸಕೊಂಡು ಹೊಡೆದರು. ಅವೂ ಚದುರಿದವು.

“ಗುಂಡಲ್ಲ ಕಣೋ,” ಎಂದರು ಮೆಲ್ಲಗೆ. “ನಾನೇ ಹಳಸಿದ್ದೀನಿ.”

ಅವರು ಕೈ ತೊಳೆಯಲು ಹೋದಾಗ ಗಡ್ಡದವನು ಉಳಿದ ಡಬ್ಬಿಯಿಂದ ಒಂದು ಗುಂಡು ಎತ್ತಿ, ಉಗುರಿನಲ್ಲಿ ಕೆರೆದು ನೋಡಿದ. ಇದರ ಮೇಣ ಒರೆಸಿದವರು ಯಾರು ಎಂದು ಕೇಳಿದ. ಮೇಣವಿಲ್ಲದಿದ್ದರೆ ಸೀಸ ನಳಿಗೆಯೊಳಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಚಿನ್ನದ ಗುಂಡು ಹಾಕಿದರೂ ನೆಟ್ಟಗೆ ಹೋಗದು, ನಳಿಗೆ ಉಜ್ಜಿದರೆ ಎಲ್ಲ ಸರಿಹೋಗುತ್ತದೆ, ಡಾಕ್ಟರಿಗೆ ಹೇಳು ಎಂದ.

ಕಾರು ಹತ್ತಿದೆವು. ಹೇಳಬೇಕೆಂದು ಬಾಯಿ ತೆರೆದೆ. “ಡಾಕ್ಟ್ರೇ, ಆ ಗುಂಡಿಗೆ ಏನೋ...”

“ಸುಮ್ನಿರಪ್ಪ. ಇದೆಲ್ಲಾ ಫಿಸಿಕ್ಸು. ಓದಿದ್ದಿದ್ರೆ ನಿಂಗೆ ಅರ್ಥ ಆಗ್ತಿತ್ತು.”

ಆಗ ಹೇಳದೇ ಬಿಟ್ಟದ್ದಕ್ಕೆ ಸಿಟ್ಟು ಅರ್ಧ ಕಾರಣ. ಇನ್ನರ್ಧವನ್ನು ಈಗ ಒಪ್ಪಿಕೊಳ್ಳುತ್ತೇನೆ: ಒರೆಸಿದವನು ನಾನೇ ಎಂದರೆ, ನೋಡು, ಓದದವನ ಬುದ್ಧಿ ಇಷ್ಟೇ ಎನ್ನುತ್ತಿದ್ದರು. ಆ ಮಾತು ಕೇಳುವ ಧೈರ್ಯ ನನಗಿರಲಿಲ್ಲ. ಒಂದು ವಾರ ಕೊರಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ವಾರ ತುಂಬುವ ಮೊದಲೇ ಅವರು ಮಗಳಿಗೆ ಫೋನ್ ಮಾಡಿ ಹೂಂ ಅಂದುಬಿಟ್ಟಿದ್ದರು.

ಹೋಗುವ ಮುನ್ನ ಕಾಗದಪತ್ರ ಮುಗಿಸಿ ರೈಫಲ್ಲನ್ನು ನನಗೇ ಕೊಟ್ಟರು, ಮೂರನೇ ಡಬ್ಬಿಯ ಸಮೇತ. “ಇಟ್ಕೋ. ನಿನ್ನ ಕೈ ನಂಬ್ಬಹುದು” ಎಂದರು. ಆಗಲೂ ಹೇಳದೆ, ಡಬ್ಬಿಯನ್ನು ತಂದು ಗ್ಯಾರೇಜಿನ ಡ್ರಾಯರಿಗೆ ಸೇರಿಸಿದೆ. ಷಾರ್ಲೆಟ್ಟಿನಲ್ಲಿ ಮಗಳ ಮನೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆಂದು ಕೇಳಿದೆ. ಕಳೆದ ಚಳಿಗಾಲ ಅಲ್ಲೇ ತೀರಿಕೊಂಡರು.

ಈಗ ಡ್ರಾಯರಿನಲ್ಲಿ ಆ ಡಬ್ಬಿ ಸಿಕ್ಕ ಶನಿವಾರವೇ ನಳಿಗೆಯನ್ನು ಮೂರು ಸಲ ಉಜ್ಜಿ ರೇಂಜಿಗೆ ಹೋದೆ. ಗುಂಡುಗಳನ್ನು ಮುಟ್ಟಿದ್ದು ತುಂಬುವಾಗ ಮಾತ್ರ. ಐದು ಹೊಡೆದೆ. ಐದೂ ಸೇರಿ ಒಂದೇ ತೂತು. ನನ್ನಂಥ ಹೊಸಬನ ಕೈಯಲ್ಲೇ ಹೀಗಾದರೆ, ಅವರ ಕೈಯಲ್ಲಿ...

ಗಡ್ಡದವನು ಈಗಲೂ ಅದೇ ಮೇಜಿನಲ್ಲಿ ಕೂರುತ್ತಾನೆ. ದುರ್ಬೀನಿನಲ್ಲಿ ನನ್ನ ಕಾಗದ ನೋಡಿ ಸಿಳ್ಳೆ ಹಾಕಿದ. ಹಾಗಾದರೆ ಗುಂಡು ಚೆನ್ನಾಗಿಯೇ ಇತ್ತು, ಅವತ್ತು ನೀನು ಡಾಕ್ಟರಿಗೆ ಹೇಳಿದೆ ತಾನೆ ಎಂದು ಕೇಳಿದ.

ಹೇಳಿದೆ ಎಂದೆ.