ಜಟ್ಟಪ್ಪ ಬಾಯಲ್ಲಿ ಕಟ್ಟಿದ ಗೋಡೆ

ಗಾರೆ ಕೆಲಸದ ಜಟ್ಟಪ್ಪ ಸಾಗರದಲ್ಲಿ ಕಂಡವರಿಗೆಲ್ಲ ಮನೆ ಕಟ್ಟಿಕೊಟ್ಟವನು. ತನಗೆ ಮಾತ್ರ ಬಾಯಲ್ಲೇ ಕಟ್ಟಿಕೊಂಡಿದ್ದ. ಅವನಿದ್ದ ಕೆರೆ ದಂಡೆಯ ಬಿಡಾರಗಳನ್ನೆಲ್ಲ ಸರ್ಕಾರದವರು ಎಬ್ಬಿಸಿ, ಆನಂದಪುರದ ದಾರಿಯಲ್ಲಿ ಮೂರಂತಸ್ತಿನ ಕಟ್ಟಡದಲ್ಲಿ ಮನೆ ಕೊಡುತ್ತಾರೆಂಬ ಸುದ್ದಿ ಹುಟ್ಟಿದಂದಿನಿಂದ ಆ ಮನೆ ಏಳುತ್ತಲೇ ಇತ್ತು. ಊಟಕ್ಕೆ ಕೂತರೆ ಒಂದು ಕೋಣೆ ಹೆಚ್ಚುತ್ತಿತ್ತು, ಎಲೆಯಡಿಕೆ ಹಾಕಿಕೊಂಡರೆ ಜಗಲಿಯೂ ಬರುತ್ತಿತ್ತು. ಕಥೆ ಬರೆಯುವವರಿಗೂ ಇದೇ ಚಟ. ನಗುವ ಹಕ್ಕು ನಮಗಿಲ್ಲ.

ಹೆಂಡತಿ ಹುಲಿಗೆಮ್ಮ ಕೇಳಿದ್ದು ಒಂದೇ: ಮಗಳು ಶಿಲ್ಪಶ್ರೀಯ ಮದುವೆಗೆ ಹಸೆ ಬರೆಯಲು ಒಂದು ಗೋಡೆ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳ ಚಿತ್ತಾರ, ಅದರೆದುರು ಮದುಮಕ್ಕಳು. ಅವಳ ಅವ್ವ ಬರೆದಿದ್ದಳು, ಅಜ್ಜಿ ಬರೆದಿದ್ದಳು. ಬಿಡಾರವೆಲ್ಲ ತಗಡು, ಹಿಂಬದಿಗೆ ಮಾತ್ರ ಅವಳೇ ಮೆತ್ತಿದ ಎದೆಯೆತ್ತರದ ಮಣ್ಣುಗೋಡೆ.

"ಇದ್ರ ಮೇಲೇ ಬರೀತೀನಿ, ಆಗಲ್ವಾ?" ಎಂದು ಅವಳು ಕೇಳಿದಾಗ ಜಟ್ಟಪ್ಪ ನಕ್ಕುಬಿಟ್ಟಿದ್ದ.

"ಇದೆಂತ ಗೋಡೆನೇ, ಎಮ್ಮೆ ಬೆನ್ನು ತಿಕ್ಕಕ್ಕೆ ಸೈ. ಅಲ್ಲಿ ಮೂಡು ದಿಕ್ಕಿನ ಗೋಡೆ ಪೂರ್ತಿ ನಿಂದು. ಏಣಿ ಹಾಕ್ಕಂಡು ಬರೀಬೇಕು."

ಹುಲಿಗೆಮ್ಮ ನಂಬಿದಳು. ಮದುವೆಯನ್ನು ಮುಂದಕ್ಕೆ ಹಾಕಿಸಿದಳು. ತವರಿನಿಂದ ಒಂದು ಚೀಲ ಕೆಮ್ಮಣ್ಣು ತರಿಸಿಟ್ಟಳು. ಬಿಡಾರ ಕೆಡವಿದರೇ ಹೊಸ ಮನೆಯ ಬೀಗದ ಕೈ ಎಂದು ಸರ್ಕಾರದವರು ಹೇಳಿದಾಗ, ಆ ಮಣ್ಣುಗೋಡೆಗೆ ಮೊದಲ ಗುದ್ದಲಿ ಏಟು ಹಾಕಿದವನು ಜಟ್ಟಪ್ಪನೇ, ಹಾಡು ಗುನುಗುತ್ತ.

ಹೊಸ ಮನೆಯಲ್ಲಿ ಇದ್ದದ್ದು ಒಂದೇ ಕೋಣೆ. ಮೂಡುಗೋಡೆಗೆ ಕಿಟಕಿ, ಪಡುಗೋಡೆಗೆ ಬಾಗಿಲು, ತೆಂಕಲಿಗೆ ಅಡುಗೆ ಕಟ್ಟೆ. ಉಳಿದ ಗೋಡೆಗೆ ನುಣ್ಣನೆಯ ಪೇಂಟು. ಎದುರು ಮನೆ ಕೆರೆ ದಂಡೆಯಿಂದಲೇ ಬಂದ ಬೆಳ್ಳಪ್ಪನದು, ಅಚ್ಚು ಅದೇ ಅಳತೆ. ಅವನು ನಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಸೋರದಿದ್ರೆ ಸಾಕು ಅಂದ್ಕಂಡಿದ್ದೆ ಜಟ್ಟಣ್ಣ. ಒಳಗೇ ನೀರು ಬರುತ್ತಲ್ಲ ಮಾರಾಯ. ಅರಮನೆ ಬಿಡು."

ಜಟ್ಟಪ್ಪ ಉಳಿದ ಆ ಒಂದು ಗೋಡೆಯನ್ನು ಗೇಣಿನಲ್ಲಿ ಮತ್ತೆ ಮತ್ತೆ ಅಳೆಯುತ್ತಿದ್ದ. ಅದನ್ನು ಕಂಡು ಬೆಳ್ಳಪ್ಪ, "ಹುಷಾರಿಲ್ವಾ?" ಎಂದು ಕೇಳಿದ.

ಮದುವೆಯ ಹಿಂದಿನ ದಿನ ಹುಲಿಗೆಮ್ಮ ಆ ಗೋಡೆಗೇ ಕೆಮ್ಮಣ್ಣು ಕಲಸಿ ಬಳಿದಳು. ಪೇಂಟಿನ ಮೇಲೆ ಮಣ್ಣು ಹಿಡಿಯುವುದಿಲ್ಲವೆಂದು ಗಾರೆಯವನಿಗೆ ಗೊತ್ತಿಲ್ಲದೆ ಏನು? ಹೇಳುವ ಬದಲು ಮಣ್ಣು ಕಲಸಲು ನೀರು ತಂದುಕೊಟ್ಟಿದ್ದ. ಅವಳು ನಾರಿನ ಕುಂಚದಲ್ಲಿ ಗೆರೆ ಎಳೆದಳು, ನೆಂಟರ ಹೆಂಗಸರು ಹಾಡಿದರು. ಸಂಜೆಯ ಹೊತ್ತಿಗೆ ಒಣಗಿದ ಮಣ್ಣು ಹಪ್ಪಳದಂತೆ ಬಿರಿಯಿತು. ಮೊದಲು ಒಂದು ಮೂಲೆ, ಆಮೇಲೆ ಇಡೀ ಚಿತ್ತಾರ ಜಾರಿ ನೆಲಕ್ಕೆ ಬಿತ್ತು. ಹಾಡು ನಿಂತಿತು.

"ಹೋಗ್ಲಿ ಬಿಡವ್ವ, ಪೇಟೇಲಿ ಚಿತ್ತಾರದ್ದೇ ಫ್ಲೆಕ್ಸ್ ಮಾಡ್ಕೊಡ್ತಾರೆ" ಎಂದಳು ಶಿಲ್ಪಶ್ರೀ. ಮಾಡಿಕೊಟ್ಟರು. ಕೆಳಗೆ ಅಂಗಡಿಯ ಫೋನ್ ನಂಬರೂ ಇತ್ತು. ಅದರೆದುರೇ ಮಗಳು ಹಸೆಮಣೆ ಏರಿದಳು.

ಅವಳನ್ನು ಗಂಡನ ಊರಿಗೆ ಬಿಡಲು ಹೋದಾಗ, ಮದುವೆಗೆ ಬರಲಾಗದ ಮುದುಕಿಯೊಬ್ಬಳು ಹುಲಿಗೆಮ್ಮನ ಕೈ ಹಿಡಿದು ಕೇಳಿದಳು, "ಹೊಸ ಮನೆ ಹೆಂಗಿದೆಯೇ?"

"ಚೆನ್ನಾಗಿದೆ ಅಮ್ಮ. ಮೂಡು ದಿಕ್ಕಿನ ಗೋಡೆ ಪೂರ್ತಿ ನಂದು. ಏಣಿ ಹಾಕ್ಕಂಡು ಬರೀಬೇಕು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಟ್ಟಪ್ಪ ತಡೆದುಕೊಳ್ಳುತ್ತಿದ್ದ. ಮುದುಕಿ "ಪುಣ್ಯವಂತೆ" ಎಂದಳು. ಅವನು ಚಪ್ಪಲಿ ಹುಡುಕುವ ನೆಪದಲ್ಲಿ ಅಂಗಳಕ್ಕಿಳಿದ.